ಸ್ಕ್ರೂ ಜಾಕ್: ಘರ್ಷಣೆ ಎಲ್ಲಿ ಬೇಕು, ಎಲ್ಲಿ ಬೇಡ?

ಸ್ಕ್ರೂ ತಿರುಗಿಸಿ ಭಾರ ಎತ್ತುವ ಸಾಧನವೇ ಸ್ಕ್ರೂ ಜಾಕ್. ಅದನ್ನು ತಿರುಗಿಸುವಾಗ ನಾವು ಹಾಕುವ ಶ್ರಮದಲ್ಲಿ ಹೆಚ್ಚಿನ ಪಾಲು ಘರ್ಷಣೆಗೇ ಹೋಗುತ್ತದೆ. ಹಿಡಿಕೆ ಬಿಟ್ಟ ಮೇಲೆ ಭಾರ ಕೆಳಗಿಳಿಯದಂತೆ ತಡೆಯುವುದೂ ಅದೇ ಘರ್ಷಣೆ. ಎರಡನ್ನೂ ಲೆಕ್ಕ ಹಾಕಿ ನೋಡಬಹುದು.

ಮೊದಲು ಸ್ಪಿಂಡಲ್‌ನ (ಜಾಕ್‌ನ ತಿರುಗುವ ಸ್ಕ್ರೂ ಕಂಬದ) ಸರಾಸರಿ ವ್ಯಾಸವನ್ನೂ ಒಂದು ಸುತ್ತಿಗೆ ಅದು ಎಷ್ಟು ಏರುತ್ತದೆ ಎಂಬುದನ್ನೂ ಅಳೆಯಿರಿ. ವ್ಯಾಸ 30 ಮಿ.ಮೀ., ಏರಿಕೆ 6 ಮಿ.ಮೀ. ಎಂದಿಟ್ಟುಕೊಳ್ಳಿ. 6ನ್ನು ಸುತ್ತಳತೆಯಿಂದ (3.14 × 30) ಭಾಗಿಸಿದರೆ 0.064. ಇದು ಥ್ರೆಡ್‌ನ (ಸ್ಕ್ರೂ ಮೈಮೇಲಿನ ಸುರುಳಿ ಏಣಿನ) ಇಳಿಜಾರು. ಚೌಕ ಥ್ರೆಡ್‌ನಲ್ಲಿ ಘರ್ಷಣಾ ಗುಣಾಂಕ (ಘರ್ಷಣೆಯ ಬಲವನ್ನು ಮೇಲ್ಮೈಗಳನ್ನು ಒತ್ತುವ ಬಲದಿಂದ ಭಾಗಿಸಿದಾಗ ಬರುವ ಸಂಖ್ಯೆ) ಇದಕ್ಕಿಂತ ಹೆಚ್ಚಿದ್ದರೆ ಜಾಕ್ ತಾನಾಗಿ ಇಳಿಯದು.

ಮುಂದಿನದು ಶ್ರಮದ ಲೆಕ್ಕ. ಇಳಿಜಾರಿಗೆ ಗುಣಾಂಕ ಕೂಡಿಸಿ; ಅವೆರಡರ ಗುಣಲಬ್ಧವನ್ನು 1ರಿಂದ ಕಳೆದು, ಬಂದದ್ದರಿಂದ ಆ ಮೊತ್ತವನ್ನು ಭಾಗಿಸಿ. ಉತ್ತರವನ್ನು ಭಾರ ಮತ್ತು ಸರಾಸರಿ ತ್ರಿಜ್ಯದಿಂದ ಗುಣಿಸಿ, ಹಿಡಿಕೆಯ ಉದ್ದದಿಂದ ಭಾಗಿಸಿ. 10,000 ನ್ಯೂಟನ್ (ಸುಮಾರು ಒಂದು ಟನ್) ಭಾರ, 300 ಮಿ.ಮೀ. ಹಿಡಿಕೆ, ಗುಣಾಂಕ 0.15 ಆದರೆ 108 ನ್ಯೂಟನ್ ಬಲ ಬೇಕು. ಘರ್ಷಣೆ ಇಲ್ಲದಿದ್ದರೆ 32 ಸಾಕಿತ್ತು. ದಕ್ಷತೆ, ಅಂದರೆ ಹಾಕಿದ ಶ್ರಮದಲ್ಲಿ ಭಾರ ಎತ್ತಲು ಒದಗುವ ಪಾಲು, ಶೇ 30ರಷ್ಟೇ. ಥ್ರೆಡ್ ಘರ್ಷಣೆಯಿಂದಲೇ ಭಾರ ಹಿಡಿದು ನಿಲ್ಲುವ ಜಾಕ್‌ನ ದಕ್ಷತೆ ಶೇ 50 ದಾಟುವುದೇ ಇಲ್ಲ. ಅದನ್ನು ದೋಷವೆಂದು ದೂರುವುದರಲ್ಲಿ ಅರ್ಥವಿಲ್ಲ.

ಲೆಕ್ಕದಲ್ಲಿ ಹೆಚ್ಚಿನವರು ಮರೆಯುವುದು ಭಾರ ಕೂರುವ ತಲೆಯನ್ನು. ಸ್ಪಿಂಡಲ್ ತಿರುಗಿದರೂ ತಲೆ ತಿರುಗದು. ನಡುವಿನ ಮೇಲ್ಮೈ ಉಜ್ಜುತ್ತದೆ. ಅದರ ಸರಾಸರಿ ತ್ರಿಜ್ಯ 20 ಮಿ.ಮೀ., ಗುಣಾಂಕ ಅದೇ 0.15 ಆದರೆ ಇನ್ನೂ 100 ನ್ಯೂಟನ್ ಬೇಕು, ಅಂದರೆ ಶ್ರಮ ಹತ್ತಿರಹತ್ತಿರ ಇಮ್ಮಡಿ. ಹಾಗಾಗಿ ಕೈ ಹಗುರವಾಗಬೇಕಾದರೆ ಮೊದಲು ಇಲ್ಲಿ ಥ್ರಸ್ಟ್ ಬೇರಿಂಗ್ (ಮೇಲಿನಿಂದ ಒತ್ತುವ ಭಾರ ಹೊತ್ತು ಸರಾಗವಾಗಿ ತಿರುಗುವ ಬೇರಿಂಗ್) ಕೂರಿಸಿ. ಆದರೆ ಬೇರಿಂಗ್ ಬಂದ ಮೇಲೆ ಭಾರ ಹಿಡಿಯುವ ಹೊಣೆ ಪೂರ್ತಿ ಥ್ರೆಡ್‌ನದು.

ಥ್ರೆಡ್‌ಗೆ ಗ್ರೀಸ್ ಬೇಡವೇ? ಬೇಕು, ಇಲ್ಲದಿದ್ದರೆ ನಟ್ ಬೇಗ ಸವೆಯುತ್ತದೆ. ಹಳೆಯ ಧೂಳು ಕೂಡಿದ ಗ್ರೀಸ್ ಒರೆಸಿ ತೆಗೆದು, ತೆಳ್ಳಗೆ ಹೊಸದು ಹಚ್ಚಿ. ಗುಣಾಂಕ 0.10ಕ್ಕೆ ಇಳಿದರೂ ಮೇಲಿನ ಜಾಕ್ ನಿಲ್ಲುತ್ತದೆ. ಎರಡು ಎಳೆಯ ಥ್ರೆಡ್ ಇದ್ದು ಏರಿಕೆ 12 ಮಿ.ಮೀ. ಆದರೆ ಇಳಿಜಾರು 0.127, ಆಗ ಅದೇ ಗ್ರೀಸ್ ಜಾಕನ್ನು ತಾನಾಗಿ ಇಳಿಸೀತು.

ಲೆಕ್ಕ ಸರಿಯಿದ್ದರೂ ಕಂಪನವಿದ್ದಲ್ಲಿ ಸ್ಕ್ರೂ ಸ್ವಲ್ಪಸ್ವಲ್ಪವೇ ಹಿಂದಕ್ಕೆ ತಿರುಗಬಹುದು. ಎತ್ತಿದ ಭಾರದಡಿ ಗಟ್ಟಿ ಸ್ಟ್ಯಾಂಡ್ ಇಟ್ಟ ನಂತರವೇ ಕೆಳಗೆ ಕೈಹಾಕಿ.