ಹೊಳೆ ಇಳಿಯುವವರೆಗೆ ಹಾಡನ್ ಹಟ್‌ನಲ್ಲಿ

ನ್ಯೂಜಿಲೆಂಡಿನ ಕಾಡಿನ ಹಟ್‌ಗಳಲ್ಲಿ, ಅಂದರೆ ನಡೆದು ಹೋಗುವವರು ತಂಗುವ ಸಣ್ಣ ಮನೆಗಳಲ್ಲಿ, ರಾತ್ರಿ ಉಳಿಯುವುದು ನಮ್ಮ ಮನೆಯಲ್ಲಿ ಈಗ ಅಭ್ಯಾಸವೇ ಆಗಿಬಿಟ್ಟಿದೆ. ಕ್ರೈಸ್ಟ್‌ಚರ್ಚ್‌ನ ಕನ್ನಡದ ಗೆಳೆಯರು ಸಿಕ್ಕಾಗಲೆಲ್ಲ ಕೇಳುತ್ತಾರೆ: ಏನೇನು ತಗೊಂಡು ಹೋಗಬೇಕು, ಊಟ ಸಿಗುತ್ತಾ, ಚಳಿ ಜಾಸ್ತಿನಾ? ನಾನು ಮೊದಲು ಕೇಳುವುದು ಬೇರೆಯೇ. ಭಾನುವಾರ ವಾಪಸ್ ಬರಲು ಆಗದಿದ್ದರೆ ಸೋಮವಾರ ರಜೆ ಸಿಗುತ್ತಾ? ಹೂಂ ಅಂದರೆ ಉಳಿದದ್ದೆಲ್ಲ ಸುಲಭ. ಊಹೂಂ ಅಂದರೆ, ಹೊಳೆ ದಾಟಬೇಕಾದ ಹಟ್ ಬೇಡ, ಬೇರೆ ನೋಡೋಣ ಅನ್ನುತ್ತೇನೆ.

ಯಾಕೆ ಅಂತ ಹಾಡನ್ ಹಟ್‌ನ ಕಥೆ ಹೇಳಿದರೆ ಗೊತ್ತಾಗುತ್ತದೆ.

ಇಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆಯನ್ನು ಎಲ್ಲರೂ 'ಡಾಕ್' ಅಂತಲೇ ಕರೆಯುತ್ತಾರೆ. ದೇಶದ ಕಾಡು ಬೆಟ್ಟಗಳಲ್ಲಿ ಅದು ನೋಡಿಕೊಳ್ಳುವ ಹಟ್‌ಗಳು 950ಕ್ಕೂ ಹೆಚ್ಚು. ಎಷ್ಟೋ ಹಟ್‌ಗಳು ಹುಟ್ಟಿದ್ದು ಜಿಂಕೆ ಬೇಟೆಗಾರರಿಗಾಗಿ. ಹೊರಗಿನಿಂದ ತಂದು ಬಿಟ್ಟ ಜಿಂಕೆಗಳು ಮಿತಿಮೀರಿ ಬೆಳೆದು ಕಾಡನ್ನೇ ಮೇಯತೊಡಗಿದ್ದವು. ಅವುಗಳನ್ನು ಕೊಲ್ಲಲು ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ಕಳಿಸುತ್ತಿತ್ತು. 1956ರಲ್ಲಿ ಈ ಕೆಲಸ ಅರಣ್ಯ ಇಲಾಖೆಯ ಕೈಗೆ ಬಂದ ಮೇಲೆ ಕಣಿವೆ ಕಣಿವೆಗೂ ಸಣ್ಣ ಸಣ್ಣ ಹಟ್‌ಗಳು, ತೂಗುಸೇತುವೆಗಳು ಎದ್ದವು. ಹಟ್ ಇದ್ದರೆ ಮಳೆ ನಿಲ್ಲುವ ತನಕ ಒಳಗೆ ಕೂರಬಹುದು. ಇಲ್ಲದಿದ್ದರೆ ಮನುಷ್ಯ ಚಳಿಯಲ್ಲಿ ನಡುಗುತ್ತಾ ಹೊಳೆಗೆ ಇಳಿಯುತ್ತಾನೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಹೊಳೆ ದಾಟುವಾಗ ಸತ್ತವರು ಎಷ್ಟಿದ್ದರೆಂದರೆ, ನೀರಲ್ಲಿ ಮುಳುಗಿ ಸಾಯುವುದಕ್ಕೆ 'ನ್ಯೂಜಿಲೆಂಡ್ ಸಾವು' ಅಂತಲೇ ಹೆಸರು ಬಿದ್ದಿತ್ತು.

ಹಾಡನ್ ಹಟ್ ಇರುವುದು ಆರ್ಥರ್ಸ್ ಪಾಸ್ ರಾಷ್ಟ್ರೀಯ ಉದ್ಯಾನದಲ್ಲಿ. ಕ್ರೈಸ್ಟ್‌ಚರ್ಚ್‌ನಿಂದ 73ನೇ ಹೆದ್ದಾರಿ ಹಿಡಿದು, ಪೋರ್ಟರ್ಸ್ ಪಾಸ್ ಹತ್ತಿ ಇಳಿದು, ಕಾಸ್ ದಾಟಿ, ವೈಮಕರಿರಿ ನದಿಯ ಮೇಲಿನ ಮೌಂಟ್ ವೈಟ್ ಸೇತುವೆ ದಾಟಿದರೆ ಜಲ್ಲಿ ರಸ್ತೆ. ಅಲ್ಲೊಂದು ಶೆಲ್ಟರ್ ಇದೆ. ಕಾರು ಅಲ್ಲೇ ಬಿಟ್ಟು ಹೊಳೆಯ ಪಾತ್ರದಲ್ಲೇ ಮೂರು ಗಂಟೆಯಷ್ಟು ನಡೆಯಬೇಕು. ಏರು ಅಂತ ಹೇಳುವಂಥದ್ದು ಏನೂ ಇಲ್ಲ. ಆದರೆ ಹೊಳೆಯನ್ನು ಹಲವು ಸಲ ದಾಟಬೇಕು, ಸೇತುವೆ ಒಂದೂ ಇಲ್ಲ. ಬೂಟು ಬಿಚ್ಚುವ ಪದ್ಧತಿಯೂ ಇಲ್ಲ. ಬೂಟು, ಕಾಲುಚೀಲ ಹಾಕಿಕೊಂಡೇ ಇಳಿಯುವುದು. ಉರುಟು ಕಲ್ಲಿನ ಮೇಲೆ ಬರಿಗಾಲು ನಿಲ್ಲುವುದಿಲ್ಲ, ಆ ನೀರಿನ ಚಳಿಗೆ ಪಾದ ಮರಗಟ್ಟುತ್ತದೆ.

ಮಾರ್ಚ್ ತಿಂಗಳಲ್ಲಿ ನಾನು, ನನ್ನ ಗಂಡ, ಜತೆಗೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ, ಮೂವರು ಹೊರಟೆವು. ಶನಿವಾರ ಆಕಾಶ ತಿಳಿಯಾಗಿತ್ತು. ಆದರೆ ಆ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ ನಾರ್ವೆಸ್ಟರ್, ಅಂದರೆ ವಾಯವ್ಯದ ಗಾಳಿ, ಮಳೆ ತರುತ್ತದೆ ಅಂತ ಇಲ್ಲಿನ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್‌ನ ಬೆಟ್ಟದ ಮುನ್ಸೂಚನೆಯಲ್ಲಿತ್ತು. ನೋಡಿಕೊಂಡೇ ಹೊರಟಿದ್ದೆವು. ಮೂವರಿಗೂ ಸೋಮವಾರ ರಜೆ ಇತ್ತು, ಊಟ ಎರಡು ರಾತ್ರಿಗೆ ಇತ್ತು.

ಈ ಮಳೆ ನಮ್ಮ ಪಶ್ಚಿಮ ಘಟ್ಟದ ಮಳೆಯ ಹಾಗೆಯೇ. ಕಡಲ ಕಡೆಯಿಂದ ಬರುವ ಮೋಡ ಬೆಟ್ಟಕ್ಕೆ ಬಡಿದು ಪಶ್ಚಿಮದಲ್ಲೇ ಬಹುಪಾಲು ಸುರಿದುಬಿಡುತ್ತದೆ. ಪೂರ್ವಕ್ಕೆ ಬಂದಂತೆ ಒಣ ನೆಲ. ಆರ್ಥರ್ಸ್ ಪಾಸ್ ಹಳ್ಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್‌ಗೂ ಜಾಸ್ತಿ, ಕ್ರೈಸ್ಟ್‌ಚರ್ಚ್‌ನಲ್ಲಿ 600ರ ಆಸುಪಾಸು. ಹಾಡನ್ ಹೊಳೆ ಹರಿಯುವುದು ಬೆಟ್ಟಸಾಲಿನ ಪೂರ್ವ ಬದಿಯಲ್ಲಿ, ಆದರೆ ಅದರ ನೀರು ಹುಟ್ಟುವುದು ಬೆಟ್ಟದ ನೆತ್ತಿಯ ಹತ್ತಿರ. ಕಾರು ನಿಲ್ಲಿಸುವ ಕಡೆ ಬಿಸಿಲು ಕಾಯುತ್ತಿದ್ದರೂ ಮೇಲೆ ಸುರಿದ ಮಳೆ ಹೊಳೆಯಲ್ಲಿ ಬಂದೇ ಬರುತ್ತದೆ. ನಮ್ಮ ತಲೆ ಮೇಲಿನ ಆಕಾಶ ನೋಡಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ.

ಹೋಗುವಾಗ ನೀರು ಮೊಣಕಾಲಿನಷ್ಟು. ಆದರೂ ಪ್ರತಿ ಸಲ ಒಂದು ಕಡ್ಡಿ ಎಸೆದು, ದಡದಲ್ಲಿ ಅದರ ಜತೆಗೇ ನಡೆದು ನೋಡಿದೆವು. ಕಡ್ಡಿ ನಮ್ಮ ನಡಿಗೆಗಿಂತ ಜೋರಾಗಿ ಓಡಿದರೆ ಅಲ್ಲಿ ದಾಟುವುದಿಲ್ಲ. ನೀರು ಹಲವು ಕವಲಾಗಿ ಹರಡಿಕೊಂಡಿರುವ ಜಾಗ ಹುಡುಕುತ್ತೇವೆ. ಮೂವರೂ ಒಬ್ಬರ ಬೆನ್ನಿಗೂ ಬ್ಯಾಗಿಗೂ ನಡುವೆ ಇನ್ನೊಬ್ಬರು ಕೈ ತೂರಿಸಿ, ಪಟ್ಟಿ ಗಟ್ಟಿಯಾಗಿ ಹಿಡಿದು, ಸಾಲಾಗಿ ಒಟ್ಟಿಗೆ ಹೆಜ್ಜೆ ಇಡುತ್ತೇವೆ. ಗಟ್ಟಿಮುಟ್ಟಾದವರು ನೀರು ಬರುವ ಕಡೆಗೆ. ನಮ್ಮಲ್ಲಿ ಅದು ನನ್ನ ಗಂಡ.

ಹಟ್ ಇರುವುದು ಬೀಚ್ ಎಂಬ ಮರಗಳ ಕಾಡಿನ ಅಂಚಿನಲ್ಲಿ. ಸುಮಾರು ಇಪ್ಪತ್ತು ಜನ ಮಲಗಬಹುದು. ಅಟ್ಟಣಿಗೆ ಥರದ ಮಂಚ, ಅದರ ಮೇಲೆ ಹಾಸಿಗೆ, ಸೌದೆ ಒಲೆ, ಸ್ಟೀಲಿನ ಅಡುಗೆ ಕಟ್ಟೆ, ಹೊರಗೆ ಗುಂಡಿ ಕಕ್ಕಸು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ನೋಡಿಕೊಳ್ಳುವವರೂ ಇಲ್ಲ. ಕುಮಾರ ಪರ್ವತದ ದಾರಿಯಲ್ಲಿ ಭಟ್ಟರ ಮನೆ ಇದೆಯಲ್ವಾ, ದಣಿದು ಹೋದವರಿಗೆ ಬಿಸಿ ಅನ್ನ ಸಿಗುತ್ತದೆ. ಇಲ್ಲಿ ಅನ್ನ ಬೇಯಿಸುವವರೂ ನಾವೇ, ಬೆಳಗ್ಗೆ ಕಸ ಗುಡಿಸುವವರೂ ನಾವೇ. ಮಂಚ ಮೊದಲೇ ಕಾದಿರಿಸಲು ಬರುವುದಿಲ್ಲ. ಮೊದಲು ಬಂದವರಿಗೆ ಮಂಚ, ತಡವಾಗಿ ಬಂದವರು ನೆಲದ ಮೇಲೆ. ನಡುರಾತ್ರಿ ನೆನೆದು ಬಂದವರಿಗೂ ಬಾಗಿಲು ತೆಗೆದು ಜಾಗ ಮಾಡಿಕೊಡಬೇಕು. ಇದು ಎಲ್ಲರೂ ಪಾಲಿಸುವ ಮಾತು, ನನಗೆ ತುಂಬಾ ಇಷ್ಟವಾದ ಮಾತು ಕೂಡ. ಬಾಡಿಗೆಗೆ ಊರಲ್ಲೇ ಟಿಕೆಟ್ ಕೊಂಡುಕೊಂಡು ಹೋಗುತ್ತೇವೆ. ಮೇಲಿಂದ ಮೇಲೆ ಹೋಗುವವರಿಗೆ ಆರು ತಿಂಗಳ, ವರ್ಷದ ಪಾಸ್ ಇದೆ. ಯಾರೂ ಬಂದು ಕೇಳದಿದ್ದರೂ ದುಡ್ಡು ಕೊಡಿ, ಆ ಛಾವಣಿ ನಿಂತಿರುವುದು ಅದರಿಂದಲೂ ಹೌದು.

ಒಳಗೆ ಹೋದ ಕೂಡಲೇ ನಾನು ತೆರೆಯುವುದು ಹಟ್‌ನ ಪುಸ್ತಕ. ಹೆಸರು, ತಾರೀಖು, ಎಲ್ಲಿಂದ ಬಂದೆವು, ಮುಂದೆ ಎಲ್ಲಿಗೆ, ಎಲ್ಲ ಬರೆಯಬೇಕು. ಉಳಿಯದೆ ಸುಮ್ನೆ ಹಾದು ಹೋಗುವವರೂ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ನೋಡುವುದರಲ್ಲಿ ಇದೂ ಒಂದು.

ಬೂಟುಗಳನ್ನು ಜಗಲಿಯಲ್ಲಿ ಬಿಚ್ಚಿದರೂ ಅಲ್ಲೇ ಬಿಡಬೇಡಿ. ಕೀಯಾ ಎಂಬ ದೊಡ್ಡ ಹಸಿರು ಗಿಳಿ ಬೆಳಗಿನ ಜಾವ ಬಂದು ರಬ್ಬರ್ ಕಿತ್ತು ಹಾಕುತ್ತದೆ, ಲೇಸು ಎಳೆದುಕೊಂಡು ಹೋಗುತ್ತದೆ. ಸಂಜೆ ಕಚ್ಚುವ ಸ್ಯಾಂಡ್‌ಫ್ಲೈ ಎಂಬ ಪುಟ್ಟ ನೊಣ ಕತ್ತಲಾದ ಮೇಲೆ ಸುಮ್ಮನಾಗುತ್ತದೆ. ಇಲಿಗಳದ್ದು ಬೇರೆಯೇ ಲೆಕ್ಕ. ಬೀಚ್ ಮರಗಳು ಕೆಲವು ವರ್ಷ ಎಲ್ಲ ಒಟ್ಟಿಗೆ ರಾಶಿ ರಾಶಿ ಬೀಜ ಬಿಡುತ್ತವೆ. ಬೀಜ ತಿಂದು ಇಲಿ ಹೆಚ್ಚುತ್ತದೆ, ಇಲಿ ತಿಂದು ಸ್ಟೋಟ್ ಎಂಬ ಮುಂಗುಸಿ ಜಾತಿಯ ಹಾಗೆ ಕಾಣುವ ಪ್ರಾಣಿ ಹೆಚ್ಚುತ್ತದೆ. ಆಮೇಲೆ ಅವೆಲ್ಲ ಹಕ್ಕಿ ಗೂಡುಗಳ ಮೇಲೆ ಬೀಳುತ್ತವೆ. ಹಾಡನ್ ಕಣಿವೆಯಲ್ಲಿ ಕಾಕಾರಿಕಿ ಕರಕ ಅನ್ನುವ ಪುಟ್ಟ ಗಿಳಿ ಇದೆ. ಹಣೆಯ ಮೇಲೆ ಕಿತ್ತಳೆ ಪಟ್ಟಿ. ಇಡೀ ಜಗತ್ತಿನಲ್ಲಿ ಉಳಿದಿರುವುದು ತೀರಾ ಸ್ವಲ್ಪ. ಹಾದಿಯ ಪಕ್ಕ ಕಾಣುವ ಮರದ ಪೆಟ್ಟಿಗೆಗಳು ಈ ಸ್ಟೋಟ್ ಹಿಡಿಯುವ ಬೋನುಗಳು, ಅವನ್ನು ಮುಟ್ಟಬೇಡಿ. ಇಲಿ ಕಾಟಕ್ಕೆ ಹಟ್‌ನೊಳಗೆ ಊಟದ ಚೀಲವನ್ನು ತಪ್ಪದೆ ಮೊಳೆಗೆ ನೇತುಹಾಕಿ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಯನ್ನು ಮೀರಿಸಿದ್ದು ಇಲ್ಲ ಅಂತ ನನ್ನ ನಂಬಿಕೆ. ಮನೆಯಲ್ಲೇ ಬನ್ಸಿ ರವೆಯನ್ನು ಘಮ್ಮೆನ್ನುವ ತನಕ ಹುರಿಯುತ್ತೇನೆ. ಸಾಸಿವೆ, ಕಡಲೆಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಹಾಕಿ, ಕರಿಬೇವು ಗರಿಗರಿಯಾಗುವವರೆಗೆ ಬಿಟ್ಟು, ಉಪ್ಪು ಬೆರೆಸಿ, ಆರಿದ ಮೇಲೆ ಕವರಿಗೆ ತುಂಬುತ್ತೇನೆ. ಹಸಿ ಇದ್ದರೆ ಕೆಡುತ್ತದೆ, ಅದಕ್ಕೇ ಈರುಳ್ಳಿ ಹಾಕುವುದಿಲ್ಲ. ಹಟ್‌ನಲ್ಲಿ ನೀರು ಕುದಿಸಿ, ರವೆ ಸುರಿದು, ಎರಡು ಸುತ್ತು ಕೈಯಾಡಿಸಿ, ಒಲೆ ಆರಿಸಿಬಿಡುತ್ತೇನೆ. ಪಾತ್ರೆಗೆ ಮುಚ್ಚಳ ಹಾಕಿ ಉಣ್ಣೆ ಟೋಪಿಯಲ್ಲಿ ಸುತ್ತಿಟ್ಟರೆ ಹತ್ತು ನಿಮಿಷಕ್ಕೆ ಉಪ್ಪಿಟ್ಟು ಅರಳಿರುತ್ತದೆ. ಗ್ಯಾಸ್ ಉಳಿಯುತ್ತದೆ, ತಳ ಹಿಡಿಯುವುದಿಲ್ಲ. ಜತೆಗೆ ಚಟ್ನಿಪುಡಿ. ಎರಡನೇ ರಾತ್ರಿಗೆ ಅಂತ ಗಟ್ಟಿ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಶೇಂಗಾ. ಅವಲಕ್ಕಿಗೆ ಬೆಂಕಿಯೇ ಬೇಡ, ಗ್ಯಾಸ್ ಮುಗಿದರೂ ಹೊಟ್ಟೆ ತುಂಬುತ್ತದೆ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯುತ್ತೇವೆ. ಗ್ಯಾಸ್ ಒಲೆ ಉರಿಯುವಾಗ ಕಿಟಕಿ ಸ್ವಲ್ಪ ತೆರೆದಿರಲಿ. ಎಷ್ಟೇ ಚಳಿ ಇದ್ದರೂ ಇದರಲ್ಲಿ ರಾಜಿ ಬೇಡ, ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ.

ಮಳೆ ಶುರುವಾದದ್ದು ನಡುರಾತ್ರಿ ಕಳೆದ ಮೇಲೆ. ತಗಡಿನ ಛಾವಣಿ, ಸದ್ದಿಗೆ ಎಲ್ಲರಿಗೂ ಎಚ್ಚರವಾಯಿತು. ಬೆಳಗ್ಗೆ ಎದ್ದು ನೋಡಿದರೆ ಹೊಳೆಯ ಬಣ್ಣವೇ ಬೇರೆ. ನಿನ್ನೆ ತಳದ ಕಲ್ಲು ಕಾಣುತ್ತಿದ್ದ ನೀರು ಇವತ್ತು ಸಿಮೆಂಟಿನ ಬೂದು. ಹತ್ತಿರ ಹೋದಾಗ ನೀರಿನ ಮೊರೆತದ ಕೆಳಗಿನಿಂದ ಇನ್ನೊಂದು ಸದ್ದು ಕೇಳುತ್ತಿತ್ತು. ಡುಮ್, ಡುಮ್ ಅಂತ ಮೊಟಕಾದ ಪೆಟ್ಟು. ದೊಡ್ಡ ಕಲ್ಲುಗಳು ತಳದಲ್ಲಿ ಉರುಳುತ್ತಾ ಒಂದಕ್ಕೊಂದು ಬಡಿಯುವ ಸದ್ದು ಅದು. ಅದು ಕೇಳಿದ ಮೇಲೆ ಯೋಚನೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

"ಅಕ್ಕ, ಇವತ್ತು ಇಲ್ಲೇ ಅಲ್ವಾ?" ಅಂದಳು ನಮ್ಮ ಹುಡುಗಿ. ಮಲೆನಾಡಿನ ಮಳೆಗಾಲ ನೋಡಿ ಬೆಳೆದವಳು, ಅವಳಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

ಹಟ್‌ನಲ್ಲಿ ಇನ್ನಿಬ್ಬರು ಯುವಕರಿದ್ದರು. ಸಂಜೆ ವಿಮಾನ ಹಿಡಿಯಬೇಕಿತ್ತು, ಬ್ಯಾಗು ಕಟ್ಟಿ ನಿಂತಿದ್ದರು. ನನ್ನ ಗಂಡ ಅವರನ್ನು ದಡಕ್ಕೆ ಕರೆದುಕೊಂಡು ಹೋಗಿ ಆ ಸದ್ದು ಕೇಳಿಸಿದರು. ನೀರಿನ ಅಂಚಿಗೆ ಸರಿಯಾಗಿ ಒಂದು ಬಿಳಿ ಕಲ್ಲಿಟ್ಟು, ಅರ್ಧ ಗಂಟೆ ಬಿಟ್ಟು ಬಂದು ನೋಡೋಣ ಅಂದರು. ಬಂದು ನೋಡಿದಾಗ ಕಲ್ಲು ಮುಳುಗಿತ್ತು. ಇಬ್ಬರೂ ಮಾತಾಡದೆ ಬ್ಯಾಗು ಬಿಚ್ಚಿದರು. ಅವರ ಹತ್ತಿರ ಉಳಿದಿದ್ದು ಎರಡು ಬಿಸ್ಕತ್ ಪೊಟ್ಟಣ. ನಮ್ಮ ಅವಲಕ್ಕಿ ಐದು ಪಾಲಾಯಿತು. ಗೊಜ್ಜಿನ ಖಾರಕ್ಕೆ ಅವರ ಮುಖ ಕೆಂಪಾದರೂ ಮತ್ತೆ ಹಾಕಿಸಿಕೊಂಡರು.

ಹಗಲೆಲ್ಲ ಸೌದೆ ಒಡೆದೆವು. ಒಣ ತುಂಡನ್ನು ಬೆರಳು ಗಾತ್ರಕ್ಕೆ ಸೀಳಿ ಒಲೆಯ ಪಕ್ಕ ಜೋಡಿಸಿಟ್ಟೆವು. ಮುಂದೆ ಬರುವವರು ಕೈ ಸೆಟೆದುಕೊಂಡು ಬಂದರೆ ಕೊಡಲಿ ಹಿಡಿಯಲೂ ಆಗುವುದಿಲ್ಲ. ಆಗ ಬೇಕಾಗುವುದು ಈ ಸಣ್ಣ ಕಡ್ಡಿಗಳೇ. ಪುಸ್ತಕದಲ್ಲಿ ಮತ್ತೆ ಒಂದು ಸಾಲು ಸೇರಿಸಿದೆವು: ಹೊಳೆ ಏರಿದೆ, ಐವರೂ ಕ್ಷೇಮ, ಇಳಿಯುವ ತನಕ ಕಾಯುತ್ತೇವೆ.

ನಮ್ಮ ಹತ್ತಿರ ಲೊಕೇಟರ್ ಬೀಕನ್ ಇತ್ತು. ಕ್ರೈಸ್ಟ್‌ಚರ್ಚ್‌ನಲ್ಲಿ ಬಾಡಿಗೆಗೆ ಸಿಗುತ್ತದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ ಹೋಗಿ ಹೆಲಿಕಾಪ್ಟರ್ ಬರಬಹುದು. ಜೀವಕ್ಕೆ ಅಪಾಯ ಇದ್ದಾಗ ಅದು ಬೇಕೇ ಬೇಕು. ಆದರೆ 'ತಡವಾಗುತ್ತೆ, ಗಾಬರಿ ಬೇಡ' ಅಂತ ಅದರಲ್ಲಿ ಹೇಳಲು ಬರುವುದಿಲ್ಲ. ಹಾಗಾಗಿ ಆ ಮಾತನ್ನು ಹೊರಡುವ ಮೊದಲೇ ಹೇಳಿರಬೇಕು. ಊರಲ್ಲಿರುವ ಗೆಳತಿಗೆ ನಾನು ಎರಡು ಹೊತ್ತು ಬರೆದುಕೊಟ್ಟಿರುತ್ತೇನೆ: ಬರುತ್ತೇವೆ ಅಂದುಕೊಂಡಿರುವ ಹೊತ್ತು, ಪೊಲೀಸರಿಗೆ ಫೋನ್ ಮಾಡಬೇಕಾದ ಹೊತ್ತು. ಈ ಸಲ ಮೊದಲನೆಯದು ಭಾನುವಾರ ಸಂಜೆ, ಎರಡನೆಯದು ಸೋಮವಾರ ರಾತ್ರಿ ಎಂಟು. ನಡುವಿನ ಆ ಒಂದು ದಿನ ಹೊಳೆಗೆ ಬಿಟ್ಟದ್ದು. ಯುವಕರು ಅಮ್ಮನಿಗೆ ಭಾನುವಾರ ಅಂತ ಮಾತ್ರ ಹೇಳಿದ್ದರಂತೆ. ಅವರ ಚಿಂತೆಯೆಲ್ಲ ಅದೇ ಆಗಿತ್ತು.

ಮಳೆ ಮಧ್ಯಾಹ್ನ ನಿಂತಿತು. ಬೆಟ್ಟದ ಹೊಳೆ ಏರುವಷ್ಟೇ ಬೇಗ ಇಳಿಯುತ್ತದೆ. ಸೋಮವಾರ ಬೆಳಗ್ಗೆ ಬಿಳಿ ಕಲ್ಲು ಒಣಗಿ ನಿಂತಿತ್ತು, ನೀರಿನ ಅಂಚು ಅದರಿಂದ ಎರಡು ಮಾರು ಕೆಳಗೆ. ತಳ ಮತ್ತೆ ಕಾಣುತ್ತಿತ್ತು, ಕಲ್ಲಿನ ಸದ್ದು ಇರಲಿಲ್ಲ. ಒಲೆಯ ಬೆಂಕಿ ಪೂರ್ತಿ ಆರಿದೆ ಅಂತ ನೋಡಿ, ಗುಡಿಸಿ, ಕಸ ನಮ್ಮ ಬ್ಯಾಗಿಗೇ ತುಂಬಿಕೊಂಡು, ಬಾಗಿಲು ಭದ್ರ ಮಾಡಿ ಹೊರಟೆವು. ಐದೂ ಜನ ತೋಳು ಬೆಸೆದು ದಾಟಿದೆವು. ಒಂದು ಕಡೆ ಶನಿವಾರ ದಾಟಿದ ಜಾಗವೇ ಕೊರೆದು ಆಳವಾಗಿತ್ತು, ಮೇಲಕ್ಕೆ ನಡೆದು ಬೇರೆ ಜಾಗ ಹುಡುಕಬೇಕಾಯಿತು. ಕಾರು ಹತ್ತಿ ಹೆದ್ದಾರಿಯಲ್ಲಿ ಸಿಗ್ನಲ್ ಸಿಕ್ಕ ಕಡೆ ನಿಲ್ಲಿಸಿ, ಮೊದಲು ಆ ಹುಡುಗರ ಕೈಗೆ ಫೋನ್ ಕೊಟ್ಟೆವು.