ಓಲ ಅನ್ನಲು ಹೋಗಿ ಚೆಂಡು ಅಂದೆ

ಕನ್ನಡ ಅಕ್ಷರದಲ್ಲಿ ಬರೆದುಕೊಂಡೇ ಸ್ಪ್ಯಾನಿಷ್ ಕಲಿಯುತ್ತೇನೆ ಅಂದಾಗ ಮ್ಯಾಡ್ರಿಡ್‌ನ ನಮ್ಮ ಗೆಳೆಯರೆಲ್ಲ ನಕ್ಕಿದ್ದರು. "ಉಚ್ಚಾರಣೆ ಕೆಟ್ಟು ಕೆರ ಹಿಡಿಯುತ್ತೆ" ಅಂದವನು ನಮ್ಮ ಹುಬ್ಬಳ್ಳಿಯವನೇ. ಈಗ ಬ್ರೆಡ್ ಅಂಗಡಿಯಾಕೆ ನನ್ನ ಜೊತೆ ಇಂಗ್ಲಿಷಿಗೆ ತಿರುಗುವುದನ್ನೇ ಬಿಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು. ಆ್ಯಪ್‌ಗೆ ಒಂದು ವರ್ಷದ ಚಂದಾ, ಎರಡು ತಿಂಗಳು ಸಂಜೆ ಕ್ಲಾಸು, ಎಲ್ಲ ಸೇರಿ 300 ಯೂರೊ ಹತ್ತಿರ ಹೋಯಿತು. ಬಂದದ್ದೇನು? ‘ಓಲ’ (ನಮಸ್ಕಾರ) ಅನ್ನಬೇಕಾದಲ್ಲಿ ‘ಹೋಲಾ’, ಹಾಗೇ ‘ಹಾಸ್ಟಾ’, ‘ಗುಸ್ಟೊ’. ಎಚ್ ಅಕ್ಷರವನ್ನು ಅವರು ಉಚ್ಚರಿಸುವುದೇ ಇಲ್ಲ. ಇಂಗ್ಲಿಷ್ ಅಕ್ಷರ ಕಣ್ಣಿಗೆ ಬಿದ್ದರೆ ನಮ್ಮ ನಾಲಿಗೆ ಟ, ಡ ಕಡೆಗೇ ಓಡುತ್ತದೆ. ಸ್ಪ್ಯಾನಿಷಿನ ಟಿ, ಡಿ ನಮ್ಮ ತ, ದ ಥರ ಹಲ್ಲಿಗೆ ತಾಗಬೇಕು. ಒಂದು ರಾತ್ರಿ ಸಿಟ್ಟು ಬಂದು ಹಳೇ ನೋಟ್‌ಬುಕ್ ತೆಗೆದು ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಅಸ್ತ ಲುಏಗೊ (ಆಮೇಲೆ ಸಿಗೋಣ). ಮೂಚೊ ಗೂಸ್ತೊ (ಭೇಟಿಯಾಗಿ ಖುಷಿ ಆಯ್ತು). ಅಸ್ತ ಮಞಾನ (ನಾಳೆ ಸಿಗೋಣ). ಒಂದನೇ ಕ್ಲಾಸಿನ ನಂತರ ಞ ಅಕ್ಷರಕ್ಕೆ ಕೆಲಸ ಸಿಕ್ಕಿದ್ದು ಅವತ್ತೇ! ದೀರ್ಘ ಎಲ್ಲಿ ಬೇಕೆಂದರೆ ಅಲ್ಲಿ ಹಾಕಲಿಲ್ಲ, ಒತ್ತು ಬೀಳುವ ಕಡೆ ಮಾತ್ರ. ‘ಪಾಪ’ ಅಂದರೆ ಪೋಪ್, ‘ಪಪಾ’ ಅಂದರೆ ಅಪ್ಪ, ಅಷ್ಟು ವ್ಯತ್ಯಾಸ. ಸುಮ್ನೆ ಒಂದು ವಾರ ಹಿಂದಿ ಅಕ್ಷರದಲ್ಲೂ ಬರೆದು ನೋಡಿದೆ. ಅಲ್ಲಿ ನಮ್ಮ ಹಾಗೆ ಹ್ರಸ್ವ ಎ, ಒ ಇಲ್ಲ. ಬಿಟ್ಟೆ.

ಹಾಗಂತ ಕನ್ನಡವೂ ಕೈ ಕೊಟ್ಟಿತು. ‘ಒಂದು’ ನಮ್ಮ ಬಾಯಲ್ಲಿ ‘ವೊಂದು’ ಆಗುತ್ತದಲ್ವಾ, ಹಾಗೇ ನನ್ನ ‘ಓಲ’ ‘ವೋಲ’ ಆಗಿತ್ತು. ಅವರಿಗೆ ವಿ, ಬಿ ಎರಡೂ ಒಂದೇ. ಹಾಗಾಗಿ ಅದು ‘ಬೋಲ’ ಅಂತ ಕೇಳಿಸುತ್ತೆ, ಅಂದರೆ ಚೆಂಡು. ಎರಡು ವಾರ ದಿನಾ ಬೆಳಗ್ಗೆ ಹೋಗಿ ಬ್ರೆಡ್ ಅಂಗಡಿಯಾಕೆಗೆ ‘ಚೆಂಡು!’ ಅಂದು ಬ್ರೆಡ್ ತಂದಿದ್ದೇನೆ. ಕೊನೆಗೊಂದು ದಿನ ಆಕೆ ಗುಂಡಗಿನ ಬ್ರೆಡ್ ಎತ್ತಿ ಹಿಡಿದು "ಇದಾ?" ಅಂತ ಕೇಳಿದಾಗಲೇ ನನಗೆ ಗೊತ್ತಾದದ್ದು. ‘ಎಸ್ತಾಸ್’ (ಇದ್ದೀಯ) ‘ಯೆಸ್ತಾಸ್’ ಆಗುವುದೂ, ‘ದೀಅಸ್’ (ದಿನಗಳು) ‘ದೀಯಸ್’ ಆಗುವುದೂ ಇದೇ ರೋಗ. ಇದಕ್ಕೆ ಕನ್ನಡಿ ಮುಂದೆ ಮಾಡುವ ಒಂದು ಉಪಾಯ ಇದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ಥ್ಯಾಂಕ್ಸ್‌ಗೆ ‘ಗ್ರಾಸ್ಯಸ್’ ಅನ್ನುವುದು ಮೆಕ್ಸಿಕೊದಲ್ಲಿ ನಡೆಯುತ್ತದೆ. ಮ್ಯಾಡ್ರಿಡ್‌ನಲ್ಲಿ ಆ ಸ ಹೇಳುವಾಗ ನಾಲಿಗೆ ತುದಿ ಹಲ್ಲಿನ ನಡುವೆ ಇಣುಕಬೇಕು. ಥ ಬರೆದರೆ ದಾರಿ ತಪ್ಪುತ್ತೆ, ನಾನು ಸ ಕೆಳಗೆ ಚುಕ್ಕಿ ಇಟ್ಟೆ.

ನೀನು, ನೀವು ಫರಕು ಅವರಲ್ಲೂ ಇದೆ, ಅದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಯಾವ ಹೊತ್ತಿಗೆ ಯಾವ ನಮಸ್ಕಾರ ಅನ್ನುವ ಗಡಿಯಾರವೇ ಕಷ್ಟ. ಮಧ್ಯಾಹ್ನ ಒಂದಕ್ಕೆ ‘ಬುಏನಸ್ ತಾರ್ದೆಸ್’ (ಗುಡ್ ಆಫ್ಟರ್‌ನೂನ್) ಅಂದಿದ್ದಕ್ಕೆ ಆಫೀಸಿನ ಹಿರಿಯರೊಬ್ಬರು "ಊಟವೇ ಆಗಿಲ್ಲವಲ್ಲ, ಇನ್ನೂ ಬುಏನೊಸ್ ದೀಅಸ್ (ಗುಡ್ ಮಾರ್ನಿಂಗ್)" ಅಂದರು. ಅಲ್ಲಿ ಊಟ ಎರಡರ ಮೇಲೆ.

ನಡುವೆ ‘ರ್ರ’ ಹುಚ್ಚು ಹಿಡಿದು ತಿಂಗಳುಗಟ್ಟಲೆ ಸ್ಕೂಟರ್ ಸ್ಟಾರ್ಟ್ ಆಗದ ಸದ್ದು ಮಾಡಿದೆ. ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ. ನಮಸ್ಕಾರಕ್ಕೆ ಎರಡೂ ಬೇಕಿಲ್ಲ. ಪಕ್ಕದ ಮನೆಯವರು ಮಾತ್ರ ಗೋಡೆ ಬಡಿದರು.

ಮೊನ್ನೆ ಹುಬ್ಬಳ್ಳಿಯವನು ಬಂದು ನೋಟ್‌ಬುಕ್ ಕೇಳಿದ. ಫೋಟೊ ತೆಗೆದುಕೋ ಅಂದೆ. ಕನ್ನಡಿ ಉಪಾಯ ಇದ್ದ ಕೊನೇ ಎರಡು ಪುಟ ಮೊದಲೇ ಕಿತ್ತಿಟ್ಟಿದ್ದೆ.