ಅಂಗಡಿ ಬಾಗಿಲು ಹಾಕಿದ ಮೇಲೆ ಮನಸ್ಸಿಗೂ ಬಿಡುವು ಸಿಗಲು ಏನು ಮಾಡಬೇಕು?

ಹೋಳಿಗೆ, ಚಕ್ಕುಲಿ, ಕೋಡುಬಳೆ ಮಾಡಿ ಮಾರುವ ಪುಟ್ಟ ಅಂಗಡಿಗಳು ಈಗ ಊರೂರಲ್ಲೂ ಕಾಣುತ್ತವೆ. ಹೊಸದಾಗಿ ಅಂಥದ್ದೊಂದು ಅಂಗಡಿ ತೆರೆದವರ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ 5ಕ್ಕೆ ಬೇಳೆ ಬೇಯಲು ಇಟ್ಟರೆ ಷಟರ್ ಎಳೆಯುವಾಗ ರಾತ್ರಿ 9. ಮನೆಗೆ ಬಂದು ಊಟಕ್ಕೆ ಕೂತ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಧ್ವನಿ: 'ಅಕ್ಕಾ, ನಾಳೆ 8 ಗಂಟೆಗೆ 50 ಹೋಳಿಗೆ ಬೇಕಿತ್ತು, ಆಗುತ್ತಾ?' ತುತ್ತು ಕೈಯಲ್ಲೇ ಉಳಿಯುತ್ತದೆ. ಬೆಲ್ಲ ಇದೆಯಾ, ಸಿಲಿಂಡರ್ ಸಾಲುತ್ತಾ, ಹೆಲ್ಪರ್ ಬೇಗ ಬರ್ತಾಳಾ ಅಂತ ಲೆಕ್ಕ ಶುರು.

ಹೊಸ ವ್ಯಾಪಾರಿಗಳ ಸುಸ್ತು ಬಹುಪಾಲು ಇಂಥದ್ದೇ. ಇದಕ್ಕೆ 'ಸ್ವಲ್ಪ ರೆಸ್ಟ್ ತಗೊಳ್ಳಿ' ಎಂದರೆ ಏನೂ ಪ್ರಯೋಜನವಿಲ್ಲ. ಬಿಡುವು ಸಿಗಬೇಕಾದರೆ ಕೆಲಸ ನಡೆಯುವ ರೀತಿಯನ್ನೇ ಸ್ವಲ್ಪ ಬದಲಿಸಬೇಕು. ಧ್ಯಾನ, ಪ್ರವಾಸ ಎಲ್ಲ ಆಮೇಲಿನ ಮಾತು.

ಮೊದಲು ದುಡ್ಡಿನ ಚಿಂತೆಯನ್ನು ಹಾಳೆಗೆ ಇಳಿಸಿ

ಒಂದು ನೋಟ್‌ಬುಕ್ ಸಾಕು. ಇವತ್ತು ಕೈಯಲ್ಲಿ ಎಷ್ಟಿದೆ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಯಾವ ತಾರೀಖಿಗೆ ಎಷ್ಟು ಕೊಡಬೇಕು, ಇಷ್ಟನ್ನೇ ಬರೆಯಿರಿ. 5ಕ್ಕೆ ಬಾಡಿಗೆ, 10ಕ್ಕೆ ಬ್ಯಾಂಕಿನ ಕಂತು, ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಾದರೆ 20ನೇ ತಾರೀಖು. ವಾರಕ್ಕೊಮ್ಮೆ, ಬೆಳಗಿನ ತಿಂಡಿ ಆದಮೇಲೆ ಈ ಲೆಕ್ಕ ನೋಡಿ. ರಾತ್ರಿ ಮಾತ್ರ ಬೇಡ. ದಣಿದ ತಲೆಗೆ 5 ಸಾವಿರದ ಕೊರತೆಯೂ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತದೆ.

ನೆನಪಿರಬಹುದು, 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದು ಅಂಟಿಸಿದರು. ಪಾಪ, ಬಹಳ ಜನರಿಗೆ ತಮ್ಮ ವರ್ಷದ ವಹಿವಾಟು ಎಷ್ಟು ಅಂತಲೇ ಗೊತ್ತಿರಲಿಲ್ಲ. ವಹಿವಾಟು ಸರಕಿನ ವ್ಯಾಪಾರದಲ್ಲಿ 40 ಲಕ್ಷ, ಹೋಟೆಲಿನಂಥ ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಿನದ ಮಾರಾಟ ಬರೆದಿಟ್ಟು, ಖರೀದಿಯ ಬಿಲ್‌ಗಳನ್ನು ಒಂದು ಫೈಲ್‌ಗೆ ಹಾಕಿಟ್ಟರೆ ನೋಟಿಸ್ ಬಂದರೂ ಉತ್ತರ ಕೈಯಲ್ಲಿರುತ್ತದೆ.

ಇನ್ನೊಂದು ಮಾತು. ಈ ಪುಸ್ತಕವನ್ನು ಗಂಡನಿಗೋ ಹೆಂಡತಿಗೋ ತೋರಿಸಿ. ಸಾಲಕ್ಕಿಂತ ಮುಚ್ಚಿಟ್ಟ ಸಾಲ ಜಾಸ್ತಿ ನಿದ್ದೆಗೆಡಿಸುತ್ತದೆ.

ಆರ್ಡರ್‌ಗೆ ಒಂದು ಹೊತ್ತು ಗೊತ್ತು ಮಾಡಿ

ವ್ಯಾಪಾರಕ್ಕೆ ಬೇರೆ ನಂಬರ್ ತೆಗೆದುಕೊಂಡು ಅದರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಅದರಲ್ಲಿ 'ಅವೇ ಮೆಸೇಜ್' (Away message) ಎಂಬ ಸೌಲಭ್ಯವಿದೆ. ಅಂಗಡಿಯ ಸಮಯ ಮುಗಿದ ಮೇಲೆ ಯಾರೇ ಮೆಸೇಜ್ ಮಾಡಿದರೂ ನೀವು ಬರೆದಿಟ್ಟ ಉತ್ತರ ತಾನಾಗಿಯೇ ಹೋಗುತ್ತದೆ. 'ಆರ್ಡರ್ ಇದ್ದರೆ ಹಿಂದಿನ ದಿನ ಸಂಜೆ 6ರೊಳಗೆ ಹೇಳಿ. ಬೆಳಿಗ್ಗೆ 7ಕ್ಕೆ ಉತ್ತರಿಸುತ್ತೇವೆ' ಎಂದು ಬರೆದಿಡಿ. ಗಿರಾಕಿ ತಪ್ಪಿಹೋಗ್ತಾರೆ ಎಂಬ ಭಯ ಸಹಜ. ಒಂದಿಬ್ಬರು ಹೋಗಲೂಬಹುದು. ಉಳಿದವರು ಆ ಸಮಯಕ್ಕೆ ಹೊಂದಿಕೊಳ್ಳುತ್ತಾರೆ.

ನೀವಿಲ್ಲದೆ ಅಂಗಡಿ ನಡೆಯಲಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಬಹಳ ಜನ ಇಲ್ಲೇ ಸೋಲುತ್ತಾರೆ. ಹೂರಣದ ಹದ ನಿಮಗೆ ಕೈಯಳತೆಯಲ್ಲೇ ಗೊತ್ತು. ಒಂದು ಕೆಜಿ ಬೇಳೆಗೆ ಎಷ್ಟು ಬೆಲ್ಲ, ಕನಕಕ್ಕೆ ಎಷ್ಟು ಎಣ್ಣೆ ಎಂದು ಎಲ್ಲೂ ಬರೆದಿಲ್ಲ. ಹಾಗಾಗಿ ನೀವು ಜ್ವರ ಬಂದರೂ ಒಲೆ ಮುಂದೆ ನಿಲ್ಲಲೇಬೇಕು.

ಒಮ್ಮೆ ತಕ್ಕಡಿ ಇಟ್ಟುಕೊಂಡು ಮಾಡಿ, ಅಳತೆ ಬರೆದು ಗೋಡೆಗೆ ಅಂಟಿಸಿ. ಪಕ್ಕದಲ್ಲೇ ಗ್ಯಾಸ್ ಏಜೆನ್ಸಿಯ ನಂಬರ್, ದಿನಸಿ ಕೊಡುವವರ ನಂಬರ್, ದರಪಟ್ಟಿ ಇರಲಿ. ಕರೆಂಟ್ ಹೋದರೆ ಏನು ಮಾಡಬೇಕು, ಎಷ್ಟು ರೂಪಾಯಿವರೆಗೆ ಹೆಲ್ಪರ್ ತಾವೇ ಖರ್ಚು ಮಾಡಬಹುದು ಎಂಬುದನ್ನೂ ಬರೆಯಿರಿ. ಆಮೇಲೆ ಗಿರಾಕಿ ಕಡಿಮೆ ಇರುವ ದಿನ, ಮಧ್ಯಾಹ್ನ 2ರಿಂದ 4ರವರೆಗೆ ಎದ್ದು ಹೋಗಿ. ಮನೆಯಲ್ಲಿ ಮಲಗಿ, ಕೆರೆ ಏರಿ ಮೇಲೆ ನಡೆಯಿರಿ, ಗೆಳತಿ ಮನೆಗೆ ಹೋಗಿ. ಫೋನ್ ಮಾಡಿ ವಿಚಾರಿಸಬೇಡಿ. ಸಣ್ಣಪುಟ್ಟ ತಪ್ಪು ಆಗಿಯೇ ಆಗುತ್ತದೆ. ನಾಲ್ಕು ಹೋಳಿಗೆ ಹರಿಯಬಹುದು, ಚಿಲ್ಲರೆ ಹೆಚ್ಚುಕಮ್ಮಿ ಆಗಬಹುದು. ಬೈಯದೆ ಹೇಳಿಕೊಡಿ, ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ. ಎರಡು ಗಂಟೆ ಸಲೀಸಾಗಿ ನಡೆದರೆ ಅರ್ಧ ದಿನಕ್ಕೆ ಹೆಚ್ಚಿಸಿ. ವಾರದಲ್ಲಿ ಒಂದು ದಿನ ಪೂರ್ತಿ ರಜೆ ಇರಲೇಬೇಕು. ಅದಕ್ಕಿಂತ ಕಮ್ಮಿಗೆ ಒಪ್ಪಿಕೊಳ್ಳಬೇಡಿ.

ನೂಕುನುಗ್ಗಲಿನ ನಡುವೆ

ಕೌಂಟರ್ ಮುಂದೆ ಜನ ನಿಂತು ಎದೆ ಬಡಿತ ಏರಿದರೆ, ಒಳಗೆ ಹೋಗಿ ನಿಧಾನ ಉಸಿರಾಡಿ. ಒಳಗೆಳೆಯುವಾಗ 4 ಎಣಿಸಿ, ಬಿಡುವಾಗ 6. ಎರಡು ನಿಮಿಷ ಸಾಕು. ಉಸಿರನ್ನು ನಿಧಾನವಾಗಿ ಬಿಟ್ಟಾಗ ಹೃದಯದ ಬಡಿತ ಇಳಿಯುತ್ತದೆ. ಊಟವನ್ನು ಕೂತೇ ಮಾಡಿ. ಸಂಜೆ 4ರ ನಂತರ ಕಾಫಿ, ಟೀ ಬೇಡ. ಕಾಫಿಯ ಕೆಫೀನ್ ಸುಮಾರು 5 ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಬೆಳಿಗ್ಗೆ 5ಕ್ಕೆ ಏಳುವವರು ರಾತ್ರಿ 10ರೊಳಗೆ ಮಲಗಿದರೆ ಮಾತ್ರ 7 ಗಂಟೆ ನಿದ್ದೆ ಆಗುತ್ತದೆ.

ಆಷಾಢವನ್ನು ಬಳಸಿಕೊಳ್ಳಿ

ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇಲ್ಲ. ಅಡುಗೆಯವರು, ಶಾಮಿಯಾನದವರು, ಲಗ್ನಪತ್ರಿಕೆ ಪ್ರಿಂಟ್ ಮಾಡುವವರು, ಎಲ್ಲರಿಗೂ ಕೆಲಸ ಇಳಿಯುತ್ತದೆ. ಮೊದಲ ವರ್ಷ ಇದನ್ನು ಕಂಡು ವ್ಯಾಪಾರವೇ ಮುಳುಗಿತು ಎಂದು ಗಾಬರಿಯಾಗುವವರು ಬಹಳ. ಯುಗಾದಿ, ಮದುವೆ ಸೀಸನ್ನಿನ ಲಾಭದಲ್ಲಿ ಆ ತಿಂಗಳ ಬಾಡಿಗೆ, ಸಂಬಳ ಮೊದಲೇ ಎತ್ತಿಡಿ. ಮಿಕ್ಸಿ, ಗ್ರೈಂಡರ್ ರಿಪೇರಿ ಆಗಲೇ ಮಾಡಿಸಿ. ನಾಲ್ಕು ದಿನ ಊರಿಗೆ ಹೋಗಿ ಬನ್ನಿ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಆಮೇಲೆ ಗೌರಿ-ಗಣೇಶ. ಆಗ ನಿಮಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ

ಎರಡು ವಾರ ನಿದ್ದೆ ಸರಿಯಾಗಿಲ್ಲ, ಊಟ ಸೇರುತ್ತಿಲ್ಲ, ಅಂಗಡಿಗೆ ಹೋಗಲೇ ಭಯ, ಕುಡಿತ ಜಾಸ್ತಿಯಾಗಿದೆ ಎಂದರೆ ತಡ ಮಾಡಬೇಡಿ. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ಅವತ್ತೇ ಯಾರಿಗಾದರೂ ಹೇಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯನ್ನು ನಿಮ್ಹಾನ್ಸ್ ರೂಪಿಸಿದ್ದು ನಮ್ಮ ಬಳ್ಳಾರಿಯಲ್ಲೇ. ಮನೆಯಿಂದಲೇ ಮಾತಾಡುವುದಾದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ. ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸಬೇಡಿ. ಸಾಲವೋ ನಿದ್ದೆಯೋ ಮನೆಯ ಜಗಳವೋ, ಯಾವುದು ಕಾಡುತ್ತಿದೆಯೋ ಅದನ್ನೇ ಮೊದಲು ಹೇಳಿ.